ಚೆಂದದ ಊರು ಅಂದರೆ ಯಾವುದು? ಬೆಂಗಳೂರು ಬಿಟ್ಟು ಸಣ್ಣ ಊರಿಗೆ ಹೋಗೋದು ಸರಿಯಾ?

ಸಾಗರದವಳು
ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಇಬ್ಬರೂ ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇವೆ. ಈಗ ಇಬ್ಬರಿಗೂ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿದೆ. ಮಗಳು ಮುಂದಿನ ವರ್ಷ ಒಂದನೇ ಕ್ಲಾಸು. ಊರು ಬದಲಿಸುವುದಾದರೆ ಇದೇ ಸಮಯ. ಮುಂದಿರುವುದು ಮೂರು ದಾರಿ: ಇಲ್ಲೇ ಇರುವುದು, ಮೈಸೂರು, ಇಲ್ಲವೇ ನನ್ನ ತವರು ಸಾಗರ.

ಖರ್ಚು, ಶಾಲೆ ಎಲ್ಲ ಲೆಕ್ಕ ಹಾಕಿ ಆಗಿದೆ. ಜಗಳ ಇರುವುದು ಬೇರೆ ವಿಷಯಕ್ಕೆ. "ದಿನಾ ಕಣ್ಣಿಗೆ ಬೀಳುವ ಊರು ಚೆನ್ನಾಗಿರಬೇಕು, ಬೆಂಗಳೂರು ಹಾಗಿಲ್ಲ" ಅಂತ ಯಜಮಾನರು ಹೇಳುತ್ತಾರೆ. ಅವರು ಸಾಗರವನ್ನು ನೋಡಿರುವುದು ಹಬ್ಬಕ್ಕೆ, ಮಾರಿಕಾಂಬಾ ಜಾತ್ರೆಗೆ. ಗಣಪತಿ ಕೆರೆ, ಹೆಂಚಿನ ಮನೆಗಳು, ಗುಡಿಗಾರರ ಕೆತ್ತನೆ ಅಂಗಡಿಗಳು ಇವತ್ತಿಗೂ ಇವೆ. ಆದರೆ ಮುಖ್ಯ ರಸ್ತೆಯಲ್ಲಿ ನಿಂತು ಆ ಕಡೆ ಈ ಕಡೆ ನೋಡಿದರೆ ಬೆಂಗಳೂರಿನ ಹೊರಗಿನ ಯಾವುದೋ ಬಡಾವಣೆಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ನೀಲಿ ಗಾಜಿನ ಕಾಂಪ್ಲೆಕ್ಸು, ಅದರ ಮುಂದೆ ಫ್ಲೆಕ್ಸು, ಅದರ ಮುಂದೆ ಬೈಕುಗಳ ಸಾಲು.

ಹಾಗಾದರೆ ಊರು ಚೆಂದ ಕಾಣುವುದು ಯಾವುದರಿಂದ? ಸಣ್ಣದಾಗಿರುವುದರಿಂದಲಾ? ಹಳೆಯದಾಗಿರುವುದರಿಂದಲಾ? ನಿಮ್ಮೂರಿನ ಉದಾಹರಣೆ ಕೊಟ್ಟು ಹೇಳಿ.

ಸಂಪಿಗೆ_ರಸ್ತೆ
ಮರ. ಬೇರೆ ಏನೂ ಬೇಡ. ಮಲ್ಲೇಶ್ವರದ ಬೀದಿಗಳಿಂದ ಮರ ತೆಗೆದುಬಿಟ್ಟರೆ ಉಳಿಯುವುದು ಅಂಗಡಿ ಬೋರ್ಡು ಮಾತ್ರ.

ಚಾಮುಂಡಿಪುರಂ
ಮೈಸೂರಿಗೆ ಬನ್ನಿ ಮೇಡಂ. ಇದು ಊರಿನ ಅಭಿಮಾನದ ಮಾತಲ್ಲ. ಮೈಸೂರು ತನ್ನಷ್ಟಕ್ಕೆ ತಾನೇ ಚೆಂದ ಆಗಿದ್ದಲ್ಲ, ಕೂತು ಯೋಚನೆ ಮಾಡಿ ಕಟ್ಟಿದ್ದು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೊಸದು 1912ರ ಹೊತ್ತಿಗೆ ಮುಗಿಯಿತು. ಅದೇ ಕಾಲದಲ್ಲಿ, 1903ರಲ್ಲಿ, ಊರಿನ ಬೆಳವಣಿಗೆ ನೋಡಿಕೊಳ್ಳಲು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದರು. ಇಡೀ ದೇಶದಲ್ಲೇ ಇಂಥ ಮೊದಲ ಕೆಲವು ಸಂಸ್ಥೆಗಳಲ್ಲಿ ಅದೂ ಒಂದು. ಪ್ಲೇಗು ಬಂದು ಜನ ಸತ್ತ ಮೇಲೆ ಗಾಳಿ ಬೆಳಕು ಇರುವ ಬಡಾವಣೆ ಬೇಕು ಅಂತ ಅರಿವಾಗಿತ್ತು.

ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್, 1926ರಿಂದ 1941ರವರೆಗೆ. ಕುದುರೆ ಮೇಲೆ ಊರು ಸುತ್ತಿ ಚರಂಡಿ, ಗೋಡೆ, ಹೂವಿನ ಪಾತಿ ಎಲ್ಲ ಖುದ್ದಾಗಿ ನೋಡುತ್ತಿದ್ದರು ಅಂತ ಹಿರಿಯರು ಈಗಲೂ ಹೇಳುತ್ತಾರೆ. ದಿವಾನರೇ ಚರಂಡಿ ನೋಡೋಕೆ ಬಂದರೆ ಕೆಳಗಿನವರು ಸುಮ್ನೆ ಕೂರೋಕೆ ಆಗುತ್ತದಾ?

ಗುಲಾಬಿ_ನಗರಿ
@ಚಾಮುಂಡಿಪುರಂ ಸರ್, ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಕೆಲಸದ ಮೇಲೆ ಜೈಪುರದಲ್ಲಿದ್ದೇನೆ. ಮಿರ್ಜಾ ಸಾಹೇಬರು ಮೈಸೂರು ಬಿಟ್ಟ ಮೇಲೆ 1942ರಲ್ಲಿ ಇಲ್ಲಿಯ ಸಂಸ್ಥಾನಕ್ಕೆ ಪ್ರಧಾನಿಯಾಗಿ ಬಂದರು. ಇಲ್ಲಿಯ ದೊಡ್ಡ ರಸ್ತೆಗೆ ಇವತ್ತಿಗೂ ಎಂ.ಐ. ರೋಡ್ ಅಂತಲೇ ಹೆಸರು. ಹೆಚ್ಚಿನವರಿಗೆ ಆ ಎಂ.ಐ. ಯಾರು ಅಂತಲೇ ಗೊತ್ತಿಲ್ಲ. ಕನ್ನಡದವನಾಗಿ ನಾನು ಸಿಕ್ಕಿದವರಿಗೆಲ್ಲ ಹೇಳುತ್ತಾ ಇರುತ್ತೇನೆ.

ಜೈಪುರದ ಹಳೇ ಪೇಟೆ ಚೆಂದ ಕಾಣುವುದು ಬರೀ ಬಣ್ಣದಿಂದಲ್ಲ. ಬಣ್ಣ ಬಳಿದದ್ದು 1876ರಲ್ಲಿ, ಊರು ಶುರುವಾದದ್ದು 1727ರಲ್ಲಿ. ಬಣ್ಣಕ್ಕಿಂತ ಮೊದಲೇ ರಸ್ತೆಯ ಅಗಲ ಮತ್ತು ಅಂಗಡಿಗಳ ಸಾಲು ಒಂದು ಅಳತೆಗೆ ಬಂದಿದ್ದವು. ಬೋರ್ಡುಗಳೂ ಒಂದೇ ಬಗೆಯವು. ನಮ್ಮ ಊರುಗಳಲ್ಲಿ ಪಕ್ಕದ ಅಂಗಡಿಗಿಂತ ನನ್ನ ಬೋರ್ಡು ದೊಡ್ಡದಿರಬೇಕು ಅನ್ನುವ ಹಠ ಜಾಸ್ತಿ.

ಹೆಬ್ಬಾಳ_ಮೈಸೂರು
ಮೈಸೂರು ಅಂದ ತಕ್ಷಣ ಎಲ್ಲರೂ ಅರಮನೆಯ ಸುತ್ತಲಿನ ಜಾಗ ಹೇಳುತ್ತಾರೆ. ನಾವಿರುವ ಕಡೆ ಬಂದು ನೋಡಿ. ಬೆಂಗಳೂರಿನದೇ ಮರಿ. ಹಳೆಯ ಮೈಸೂರನ್ನೂ ನಾವು ಸರಿಯಾಗಿ ಉಳಿಸಿಕೊಳ್ಳಲಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳೇ ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕಾ, ದುರಸ್ತಿ ಮಾಡಬೇಕಾ ಅಂತ ಕೋರ್ಟಿನವರೆಗೆ ಜಗಳ ಹೋಯಿತು. ಮಾರುಕಟ್ಟೆಯೊಳಗೆ ಹೂವಿನ ಸಾಲು, ಕುಂಕುಮದ ರಾಶಿ ಇರುವ ಆ ಜಾಗಕ್ಕೆ ಇನ್ನೊಂದು ಸಾಟಿ ಇದೆಯಾ ಹೇಳಿ.

ಸಂಪಿಗೆ_ರಸ್ತೆ
ಬೆಂಗಳೂರಿನ ಮರಗಳೆಲ್ಲ ಹಿಂದೆ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕೃಂಬಿಗಲ್ ಕಾಲದವು. ಆ ಬ್ರಿಟಿಷ್ ಮಹಾನುಭಾವ ಹಾಕಿಹೋದದ್ದನ್ನೇ ನಾವು ತಿನ್ನುತ್ತಾ ಕೂತಿದ್ದೇವೆ.

ಹೊಂಗೆ_ನೆರಳು
@ಸಂಪಿಗೆ_ರಸ್ತೆ ಅಕ್ಕ, ಎರಡು ತಿದ್ದುಪಡಿ. ಕೃಂಬಿಗಲ್ ಬ್ರಿಟಿಷ್ ಅಲ್ಲ, ಜರ್ಮನ್. ವರ್ಷದ ಎಲ್ಲ ತಿಂಗಳೂ ಒಂದಲ್ಲ ಒಂದು ಮರ ಹೂ ಬಿಡುವ ಹಾಗೆ ಬೀದಿಗಳಲ್ಲಿ ನೆಡುವ ಆಲೋಚನೆ ಅವರದು, ನಿಜ. ಆದರೆ ನಾವು ಇವತ್ತು ಬಡಾವಣೆಗಳಲ್ಲಿ ನೋಡುವ ಮರಗಳಲ್ಲಿ ಬಹಳಷ್ಟು 1980ರ ದಶಕದವು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ಬೇಲಿ ಕಟ್ಟಿ, ನೀರು ಹಾಕಿ, ಮನೆ ಮುಂದಿನ ಸಸಿಗೆ ಮನೆಯವರನ್ನೇ ಒಪ್ಪಿಸಿ ಬೆಳೆಸಿದರು. ಅಂದರೆ ನಮ್ಮ ಕಣ್ಣ ಮುಂದೆಯೇ, ನಮ್ಮದೇ ಸರ್ಕಾರಿ ನೌಕರರು ಮಾಡಿ ತೋರಿಸಿದ ಕೆಲಸ ಇದು. "ಹಿಂದಿನವರ ಕಾಲ ಮುಗೀತು" ಅಂತ ಕೈಚೆಲ್ಲುವ ಅಗತ್ಯ ಇಲ್ಲ.

ನೇರಳೆಮರ
ಆದರೆ ಅದರಲ್ಲಿ ಹೊರದೇಶದ ಮರಗಳೇ ಜಾಸ್ತಿ ಅಲ್ವಾ? ಗುಲ್‌ಮೊಹರ್ ಮಡಗಾಸ್ಕರಿನದು. ಮಳೆಮರ, ಟಬೂಬಿಯಾ ಎಲ್ಲ ಅಮೆರಿಕ ಖಂಡದ್ದು. ಫೋಟೋಗೆ ಗುಲಾಬಿ ಹೂ ಚೆಂದ, ನಮ್ಮ ಹಕ್ಕಿಗಳಿಗೆ ಏನು ಸಿಕ್ಕಿತು? ನೇರಳೆ, ಅತ್ತಿ, ಹೊಂಗೆ, ಬೇವು ಹಾಕಬೇಕಿತ್ತು.

ಹೊಂಗೆ_ನೆರಳು
ನನ್ನ ಹೆಸರೇ ಹೊಂಗೆ, ನನಗೆ ಹೇಳುತ್ತೀರಾ! ಹೊಂಗೆ ಚಿಗುರಿದಾಗಿನ ಆ ಎಳೆ ಹಸಿರಿಗೆ ಯಾವ ಹೂವೂ ಸಮ ಇಲ್ಲ. ನಾಡಿನ ಮರ ಹಾಕಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಬೆಳೆದು ನೆರಳು ಕೊಡುತ್ತಿರುವ ಮಳೆಮರವನ್ನು ಹೊರಗಿನದು ಅಂತ ಕಡಿಯೋಕೆ ಹೊರಟರೆ ನಾನು ಅಡ್ಡ ನಿಲ್ಲುತ್ತೇನೆ.

ಬೀದರ್_ಚೌಬಾರಾ
ಬರೀ ಮರ, ಮಳೆ, ಹಸಿರು. ಬಯಲುಸೀಮೆಯವರ ಊರು ಊರೇ ಅಲ್ವಾ? ನಮ್ಮ ಬೀದರಿನ ಹಳೇ ಊರಿನೊಳಗೆ ಬನ್ನಿ. ಚೌಬಾರಾ ಗೋಪುರದ ಸುತ್ತ ಓಣಿಗಳು, ಸ್ವಲ್ಪ ದೂರದಲ್ಲಿ 1472ರ ಮಹಮೂದ್ ಗಾವಾನ್ ಮದರಸಾ, ಅದರ ಗೋಡೆಯ ಮೇಲೆ ಇನ್ನೂ ಉಳಿದಿರುವ ನೀಲಿ ಹೆಂಚಿನ ಕೆಲಸ. ಪಕ್ಕದಲ್ಲೇ ಬಿದರಿ ಕೆಲಸಗಾರರ ಅಂಗಡಿಗಳಲ್ಲಿ ಟಕ್ ಟಕ್ ಸದ್ದು. ಮೇ ತಿಂಗಳ ಬಿಸಿಲಿನಲ್ಲಿ ಅಗಲ ರಸ್ತೆ ಯಾರಿಗೆ ಬೇಕು? ಓಣಿ ಕಿರಿದಾಗಿದ್ದರೆ ಒಂದು ಬದಿಯ ಮನೆ ಇನ್ನೊಂದು ಬದಿಗೆ ನೆರಳು ಕೊಡುತ್ತದೆ. ದಪ್ಪ ಕಲ್ಲಿನ ಗೋಡೆ, ಕೆಳಗೆ ಶಹಾಬಾದಿ ಫರ್ಶಿ. ಕಾಲಿಟ್ಟರೆ ತಂಪು.

ಈಗ ಹೊಸ ಬಡಾವಣೆಗಳಲ್ಲಿ ಏನು ಮಾಡುತ್ತಿದ್ದಾರೆ? ಬೆಂಗಳೂರಿನ ಪ್ಲಾನು ತಂದು ಪಶ್ಚಿಮಕ್ಕೆ ಗಾಜು ಹಾಕಿ, ಆಮೇಲೆ ಏಸಿ ಹಾಕುತ್ತಾರೆ. ಚೆಂದಕ್ಕೂ ಇಲ್ಲ, ಬಾಳುವೆಗೂ ಇಲ್ಲ.

ರಥಬೀದಿ
@ಬೀದರ್_ಚೌಬಾರಾ ಸರ್ ಹೇಳಿದ್ದು ನೂರಕ್ಕೆ ನೂರು. ಉಡುಪಿಯ ರಥಬೀದಿ ಕೂಡ ಹಾಗೇ. ಸುತ್ತ ಅಷ್ಟ ಮಠಗಳು, ನಡುವೆ ರಥ ಎಳೆಯಲು ಬೇಕಾದಷ್ಟು ಜಾಗ. ರಥ ತಿರುಗಬೇಕಾದ್ದರಿಂದ ಯಾರೂ ಮುಂದಕ್ಕೆ ಚಾಚಿ ಕಟ್ಟುವಂತಿಲ್ಲ. ಮಕ್ಕಳು ಓಡುತ್ತಾರೆ, ವಯಸ್ಸಾದವರು ಮೆಟ್ಟಿಲ ಮೇಲೆ ಕೂರುತ್ತಾರೆ. ಎರಡು ವರ್ಷಕ್ಕೊಮ್ಮೆ ಪರ್ಯಾಯ ಬರುವುದರಿಂದ ಸುಣ್ಣ ಬಣ್ಣ, ರಸ್ತೆ ರಿಪೇರಿ ತಪ್ಪುವುದಿಲ್ಲ. ಅಲ್ಲಿಂದ ಹೊರಗೆ ಹೆದ್ದಾರಿ ಕಡೆಗೆ ಬಂದರೆ ಬೇರೆ ಊರಿಗೇ ಬಂದಂತೆ ಆಗುತ್ತದೆ.

ಸೈಟ್_ಎಂಜಿನಿಯರ್
ನಾನು ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ. ಮೇಲೆ ಹೇಳಿದ ಎಲ್ಲ ಊರುಗಳಲ್ಲೂ ಒಂದು ಸಂಗತಿ ಸಮಾನ. ಹಳೆಯ ಊರು ಸುತ್ತಮುತ್ತ ಸಿಗುವ ಒಂದೆರಡು ವಸ್ತುವಿನಿಂದಲೇ ಎದ್ದಿರುತ್ತಿತ್ತು. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು. ಆ ಹೆಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಷನ್‌ನವರು 1865ರಲ್ಲೇ ಶುರು ಮಾಡಿದರು. ಬೆಂಗಳೂರು, ಕೋಲಾರದ ಕಡೆ ಚಪ್ಪಡಿ ಕಲ್ಲು. ಕಲಬುರಗಿ ಕಡೆ ಶಹಾಬಾದಿ ಕಲ್ಲು. ಯಾರೂ ಕೂತು ವಿನ್ಯಾಸ ಮಾಡದಿದ್ದರೂ ಬೀದಿಗೆ ಒಂದೇ ಬಣ್ಣ, ಒಂದೇ ಎತ್ತರ ಬರುತ್ತಿತ್ತು. ಈಗ ಸಾಗರದಲ್ಲೂ ಗೋಡೆಗೆ ಹೊದಿಸುವ ಅದೇ ಅಲ್ಯೂಮಿನಿಯಂ ಎಸಿಪಿ ಶೀಟು, ಸಿಂಧನೂರಿನಲ್ಲೂ ಅದೇ.

ಎರಡನೆಯದು ಸೈಟು. 30x40 ಅಂದರೆ 1,200 ಚದರಡಿ. ಅದರಲ್ಲಿ ಸುತ್ತ ಜಾಗ ಬಿಡಬೇಕು ಅಂತ ನಿಯಮ ಇದೆ. ನಕ್ಷೆಯಲ್ಲಿ ಬಿಡುತ್ತಾರೆ, ಕಟ್ಟುವಾಗ ಬಿಡುವುದಿಲ್ಲ. ಬಾಡಿಗೆ ಬರಲಿ ಅಂತ ಮೇಲೆ ಮೇಲೆ ಅಂತಸ್ತು. ಕಾರು ಒಳಗೆ ಹೋಗಲು ಇಳಿಜಾರು ಕಟ್ಟೆ ಕಟ್ಟಿ ಫುಟ್‌ಪಾತ್ ಮುಗಿಸುತ್ತಾರೆ. ಇಂಥ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆ ಬಂತು, ಅದಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಾನು ಗ್ರಾಹಕರಿಗೆ ಪ್ರತಿ ಸಲ ಹೇಳುತ್ತೇನೆ: ಮುಂದೆ ಐದಡಿ ಬಿಡಿ, ಒಂದು ಕರಿಬೇವಿನ ಗಿಡವಾದರೂ ಹಾಕಿ. ಬಿಟ್ಟವರ ಬೀದಿ ಇವತ್ತಿಗೂ ಕಣ್ಣಿಗೆ ಹಿತ.

ಬಸವನಗುಡಿ_ಕಡಲೆಕಾಯಿ
@ಸೈಟ್_ಎಂಜಿನಿಯರ್ ಬಸವನಗುಡಿ, ಮಲ್ಲೇಶ್ವರಂ 1898ರ ಪ್ಲೇಗ್ ಹೊತ್ತಿನಲ್ಲಿ ಬೆಳೆದ ಬಡಾವಣೆಗಳು. ಆಗ ಮನೆಗಳ ಹಿಂದೆ ಒಂದೊಂದು ಗಲ್ಲಿ ಬಿಟ್ಟಿದ್ದರು, ಮಲ ಹೊರುವ ಪೌರಕಾರ್ಮಿಕರ ಓಡಾಟಕ್ಕೆ ಅಂತ. ಆ ವ್ಯವಸ್ಥೆಯ ಹಿಂದಿದ್ದ ಅನ್ಯಾಯ ದೊಡ್ಡದು, ಅದನ್ನು ಮರೆಯಬಾರದು. ಆದರೆ ಗಲ್ಲಿ ಅಂತೂ ಉಳಿದಿದೆ. ಈಗ ಅದರಲ್ಲಿ ಕೇಬಲ್ಲು, ಪೈಪು ಎಲ್ಲ ಹಾಕಿದ್ದರೆ ಮುಂದಿನ ರಸ್ತೆಯನ್ನು ತಿಂಗಳಿಗೊಮ್ಮೆ ಅಗೆಯುವ ಕಷ್ಟ ಇರುತ್ತಿರಲಿಲ್ಲ. ಬಹಳ ಕಡೆ ಕಸ ತುಂಬಿದೆ, ಇಲ್ಲ ಒತ್ತುವರಿ ಆಗಿದೆ.

ತಂತಿಜಾಲ
ತಂತಿ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಇಂಟರ್ನೆಟ್ ಕೇಬಲ್ ಸುತ್ತಿ, ಉಳಿದದ್ದನ್ನು ಉಂಗುರ ಮಾಡಿ ನೇತುಹಾಕಿರುತ್ತಾರೆ. ಕೇಬಲ್ ಬದಲಿಸಿದ ಮೇಲೂ ಹಳೆಯದನ್ನು ತೆಗೆಯುವುದಿಲ್ಲ. ಬೆಂಗಳೂರಿನಲ್ಲಿ ಹೊಸ ಮಾದರಿಯಲ್ಲಿ ಕಟ್ಟಿದ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಅದೆಲ್ಲ ಫುಟ್‌ಪಾತಿನ ಕೆಳಗೆ ಹೋಗಿದೆ. ಅಲ್ಲಿ ನಡೆಯುವಾಗ ಆಕಾಶ ಕಾಣುತ್ತದೆ. ದುಬಾರಿ ಅಂತ ಬೈದವರೂ ಇದ್ದಾರೆ. ಪದೇ ಪದೇ ಅಗೆದು ಮುಚ್ಚುವುದು ಅಗ್ಗವಾ?

ರಾತ್ರಿ_ಪಾಳಿ
ನಾನು ನರ್ಸ್. ಹುಟ್ಟಿದ್ದು ಹಾವೇರಿ ಜಿಲ್ಲೆಯ ಸಣ್ಣ ಊರು, ಈಗ ಬೆಂಗಳೂರು. ಇಲ್ಲಿ ಮಾತಾಡುತ್ತಿರುವವರು ಹೆಚ್ಚಿನವರು ಗಂಡಸರು ಅನ್ನಿಸುತ್ತದೆ. ನನಗೆ ಚೆಂದದ ಊರು ಅಂದರೆ ರಾತ್ರಿ ಹತ್ತಕ್ಕೆ ಬಸ್ಸಿಳಿದು ಮನೆವರೆಗೆ ಹೆದರದೆ ನಡೆಯುವ ಊರು. ಬೀದಿ ದೀಪ ಉರಿಯಬೇಕು. ಎರಡು ಅಂಗಡಿ ತೆರೆದಿರಬೇಕು. ಶುಚಿಯಾದ ಶೌಚಾಲಯ ಇರಬೇಕು. ನಮ್ಮೂರಿನ ಕೆರೆ ದಂಡೆ ಬಹಳ ಚೆಂದ. ಆದರೆ ಸಂಜೆ ಅಲ್ಲಿ ಒಬ್ಬಳೇ ಕೂತರೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಮೊದಲು ಮನೆ ಸೇರಿರುತ್ತದೆ. ಕೂರಲು ಆಗದ ಕೆರೆಯ ಚೆಂದ ನನಗೆ ಯಾಕೆ?

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಬಸ್ ಹತ್ತಿ ಊರು ನೋಡೋಕೆ ಹೊರಟರು. ನಮ್ಮಮ್ಮ ಮೈಸೂರನ್ನು ಮೊದಲ ಸಲ ನೋಡಿದ್ದು ಹಾಗೆ. ಅರಮನೆಯ ದೀಪಕ್ಕಿಂತ ಆಕೆಗೆ ಹಿಡಿಸಿದ್ದು ಕುಕ್ಕರಹಳ್ಳಿ ಕೆರೆ. "ಹೆಂಗಸರು ಆರಾಮಾಗಿ ನಡೀತಾ ಇದ್ದರು" ಅಂತ ಹೇಳಿದರು.

ಸಾಗರದವಳು
@ರಾತ್ರಿ_ಪಾಳಿ ಅಕ್ಕ, ಇದನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಸುಮ್ಮನಾದರು. ಈ ಕಡೆಯಿಂದ ಅವರು ಯೋಚನೆ ಮಾಡಿರಲಿಲ್ಲ.

ಗದ್ದೆಬದು
ಒಂದು ಮಾತು ಹೇಳಬಹುದಾ? ಸಣ್ಣ ಊರಿನಲ್ಲಿ ಎಲ್ಲರ ಕಣ್ಣು ನಮ್ಮ ಮೇಲಿರುವುದು ಕಷ್ಟ, ಒಪ್ಪಿದೆ. ಆದರೆ ನಮ್ಮ ತಂದೆ ಬೀದಿಯಲ್ಲಿ ತಲೆಸುತ್ತಿ ಬಿದ್ದಾಗ ಆಸ್ಪತ್ರೆಗೆ ಕರೆದೊಯ್ದವರು ಅದೇ ಕಣ್ಣಿನವರು. ನಾನು ದೂರದಲ್ಲಿದ್ದೆ. ಫೋನ್ ಬರುವಷ್ಟರಲ್ಲಿ ಅವರಿಗೆ ಡ್ರಿಪ್ ಹಾಕಿ ಆಗಿತ್ತು.

ರಾತ್ರಿ_ಪಾಳಿ
@ಗದ್ದೆಬದು ಅಣ್ಣ, ಅದೂ ನಿಜ. ಆದರೆ ತಾಲೂಕು ಕೇಂದ್ರದಲ್ಲಿ ಹೃದಯದ ಡಾಕ್ಟರ್ ಇರುವುದಿಲ್ಲ. ಅಲ್ಲಿಂದ ಕಳಿಸಿ, ದಾರಿಯಲ್ಲಿ ಹೊತ್ತು ಕಳೆದು ನಮ್ಮಲ್ಲಿಗೆ ಬರುವವರನ್ನು ನಾನು ದಿನಾ ನೋಡುತ್ತೇನೆ. ವಯಸ್ಸಾದವರಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆ ಎಷ್ಟು ದೂರ ಅನ್ನುವುದನ್ನು ಮೊದಲು ನೋಡಿ.

ಇಸಾರ್_ದಂಡೆ
ಮ್ಯೂನಿಕ್‌ನಿಂದ. ಇಲ್ಲಿ ಊರಿನ ನಡುವೆ ಒಂದು ಹಳೇ ಚರ್ಚು, ಎರಡು ಗೋಪುರ, ಎತ್ತರ ನೂರು ಮೀಟರಿಗೆ ಸ್ವಲ್ಪ ಕಡಿಮೆ. ಅದಕ್ಕಿಂತ ಎತ್ತರ ಕಟ್ಟಬೇಕಾ ಬೇಡವಾ ಅಂತ 2004ರಲ್ಲಿ ಊರಿನ ಜನರ ಮತ ಕೇಳಿದರು. ಬೇಡ ಅಂದವರು ಸ್ವಲ್ಪದರಲ್ಲಿ ಗೆದ್ದರು. ಚೆಂದದ ಬಗ್ಗೆ ಊರಿಗೆ ಊರೇ ಮತ ಹಾಕುತ್ತದೆ ಅನ್ನುವುದು ನನಗೆ ದೊಡ್ಡ ವಿಷಯ.

ಆದರೆ ಇಲ್ಲಿಯದೆಲ್ಲ ಸರಿ ಅಂತಲ್ಲ. ಮನೆ ಬಾಡಿಗೆ ವಿಪರೀತ. ಭಾನುವಾರ ಅಂಗಡಿ ಮುಚ್ಚಿ ಬೀದಿ ಖಾಲಿ. ಮೊದಲ ವರ್ಷ ಆ ಚೆಂದದ ಖಾಲಿ ಬೀದಿಯಲ್ಲಿ ನಡೆಯುವಾಗ ಗಾಂಧಿಬಜಾರಿನ ಗದ್ದಲ ಬೇಕು ಅನ್ನಿಸುತ್ತಿತ್ತು. ಹೂ ಮಾರುವವರು ಇಲ್ಲದ ಬೀದಿ ಎಷ್ಟು ಸ್ವಚ್ಛ ಇದ್ದರೂ ನನಗೆ ಮನೆ ಅನ್ನಿಸುವುದಿಲ್ಲ.

ಬಸವನಗುಡಿ_ಕಡಲೆಕಾಯಿ
@ಇಸಾರ್_ದಂಡೆ ಅದಕ್ಕೇ ನಾನು ಹೇಳುವುದು, ಚೆಂದ ಮಾಡುತ್ತೇವೆ ಅಂತ ಬೀದಿ ವ್ಯಾಪಾರಿಗಳನ್ನು ಓಡಿಸಬಾರದು. ಅವರಿಗೆ ಜಾಗ ಗುರುತಿಸಿ ಕೊಡಬೇಕು ಅಂತ 2014ರ ಕಾಯ್ದೆಯೇ ಇದೆ.

ಪಟ್ಟಣದ_ನೌಕರ
ನಾನು ಒಂದು ಪುರಸಭೆಯಲ್ಲಿ ಕೆಲಸ ಮಾಡುತ್ತೇನೆ. ಊರ ಹೆಸರು ಬೇಡ. ನಮ್ಮ ಕಡೆಯ ಮಾತೂ ಕೇಳಿ.

ಕರ್ನಾಟಕದಲ್ಲಿ ಪುರಸಭೆ ಅಂದರೆ 20 ಸಾವಿರದಿಂದ 50 ಸಾವಿರ ಜನ ಇರುವ ಊರು. ಅದಕ್ಕಿಂತ ಸಣ್ಣದು ಪಟ್ಟಣ ಪಂಚಾಯ್ತಿ, ದೊಡ್ಡದು ನಗರಸಭೆ. ನಮ್ಮಂಥ ಊರಿಗೆ ತೆರಿಗೆ ಬರುವುದು ಕಡಿಮೆ. ಇರುವ ಎಂಜಿನಿಯರ್ ಒಬ್ಬರು, ಅವರಿಗೇ ನೀರು, ಒಳಚರಂಡಿ, ರಸ್ತೆ, ಕಟ್ಟಡ ಪರವಾನಗಿ ಎಲ್ಲ. ನಗರ ಯೋಜನೆ ಓದಿದವರು ನಮ್ಮಲ್ಲಿ ಯಾರೂ ಇಲ್ಲ. ನಕ್ಷೆ ಬಂದರೆ ಅಳತೆ ನೋಡುತ್ತೇವೆ, ಬೀದಿಗೆ ಒಪ್ಪುತ್ತದಾ ಅಂತ ನೋಡುವ ಕೆಲಸ ಯಾರದ್ದೂ ಅಲ್ಲ.

ಫ್ಲೆಕ್ಸ್ ಬಗ್ಗೆ. ಸಾರ್ವಜನಿಕ ಜಾಗ ಅಂದಗೆಡಿಸುವುದನ್ನು ತಡೆಯಲು 1981ರಲ್ಲೇ ಕಾನೂನು ಬಂದಿದೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗಟ್ಟಿಯಾಗಿ ಹೇಳಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸ್ ಇಳಿದವು. ಊರು ತೊಳೆದಂತೆ ಕಂಡಿತು, ನೆನಪಿದೆಯಾ? ಅಂದರೆ ಆಗುತ್ತದೆ. ಆದರೆ ಸಣ್ಣ ಊರಿನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ತೆಗೆಯಲು ಹೋದ ಪೌರಕಾರ್ಮಿಕನಿಗೆ ಮಾರನೇ ದಿನ ಅದೇ ಬೀದಿಯಲ್ಲಿ ಓಡಾಡಬೇಕು. ಅವನ ಹಿಂದೆ ಊರಿನವರು ನಿಲ್ಲಬೇಕು. ನೀವು ನಾಲ್ಕು ಜನ ಬಂದು ಲಿಖಿತ ದೂರು ಕೊಟ್ಟರೆ ನಮಗೆ ಕೈ ಬಲ ಬರುತ್ತದೆ. ಇದನ್ನು ಮನಸಾರೆ ಹೇಳುತ್ತಿದ್ದೇನೆ.

ಸಂಪಿಗೆ_ರಸ್ತೆ
2018ರ ಆ ದಿನಗಳು ಚೆನ್ನಾಗಿ ನೆನಪಿದೆ. ನಮ್ಮ ವೃತ್ತದಲ್ಲಿ ಒಂದು ಹಳೇ ಕಟ್ಟಡ ಇದೆ ಅಂತ ಆಗಲೇ ಕಂಡದ್ದು.

ಚಿಗರಿ_ಬಸ್
ಧಾರವಾಡದಿಂದ. ರೀ, ನಮ್ಮೂರಿನ ಮಾತು ಕೇಳಿ. ಹುಬ್ಬಳ್ಳಿ ಧಾರವಾಡ ನಡುವೆ ಬಿಆರ್‌ಟಿಎಸ್, ಅಂದರೆ ಬಸ್ಸಿಗೇ ಬೇರೆ ಪಥ ಆಯಿತು, 2018ರಲ್ಲಿ ಚಿಗರಿ ಬಸ್ಸು ಓಡಲು ಶುರುವಾದವು. ಬಸ್ಸು ಒಳ್ಳೇದೇ, ನಾನೂ ಅದರಲ್ಲೇ ಓಡಾಡುತ್ತೇನೆ. ಆದರೆ ರಸ್ತೆ ಅಗಲ ಮಾಡುವಾಗ ಹೋದ ಮರಗಳ ಜಾಗ ಇನ್ನೂ ಬೋಳು. ಧಾರವಾಡ ಅಂದರೆ ಜಿಟಿಜಿಟಿ ಮಳೆಯಲ್ಲಿ ಮರದ ಕೆಳಗೆ ನಿಂತು ಮಿರ್ಚಿ ತಿನ್ನುವ ಊರು ಆಗಿತ್ತು. ಈಗ ಆ ರಸ್ತೆ ದಾಟಲು ವಯಸ್ಸಾದವರು ಹೆದರುತ್ತಾರೆ. ಬಸ್ಸು, ಮರ ಎರಡನ್ನೂ ಯಾಕೆ ಒಟ್ಟಿಗೆ ಯೋಚಿಸಬಾರದಿತ್ತು?

ವಿದ್ಯಾನಗರ_ಹುಬ್ಬಳ್ಳಿ
@ಚಿಗರಿ_ಬಸ್ ಅದಕ್ಕೂ ಮೊದಲು ಆ ರಸ್ತೆಯಲ್ಲಿ ಎಷ್ಟು ಅಪಘಾತ ಆಗುತ್ತಿತ್ತು, ಬಸ್ಸಿಗೆ ಎಷ್ಟು ನೇತಾಡುತ್ತಿದ್ದೆವು ಅನ್ನುವುದನ್ನೂ ಹೇಳಿ. ಹಳೇ ನೆನಪಿಗಾಗಿ ಜನ ಕಷ್ಟಪಡಬೇಕಾ?

ಚಿಗರಿ_ಬಸ್
ಬಸ್ ಬೇಡ ಅಂದೆನಾ? ಮರ ಮತ್ತೆ ಹಾಕಿ ಅಂದೆ. ಸರಿಯಾಗಿ ಓದಿ.

ಕಾಫಿ_ಹೂವು
ಮಡಿಕೇರಿಯವಳು. ಚೆಂದದ ಊರಿಗೆ ಇನ್ನೊಂದು ಕಷ್ಟ ಇದೆ, ಅದನ್ನು ನೋಡಲು ಬರುವವರು. ಶನಿವಾರ ಬಂದರೆ ನಾವು ತರಕಾರಿ ತರಲು ಹೊರಗೆ ಹೋಗುವುದಿಲ್ಲ. ಗುಡ್ಡ ಕಡಿದು ಹೋಂಸ್ಟೇ, ಅದಕ್ಕೆ ರಸ್ತೆ, ಅದಕ್ಕೆ ಪಾರ್ಕಿಂಗ್. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಏನಾಯಿತು ಅಂತ ರಾಜ್ಯವೇ ನೋಡಿದೆ. ನಮ್ಮೂರು ಚೆಂದ ಅಂತ ಹೇಳಲು ಈಗ ಸ್ವಲ್ಪ ಹಿಂಜರಿಯುತ್ತೇನೆ.

ಅರಳಿಕಟ್ಟೆ_ಮೇಷ್ಟ್ರು
ನಿವೃತ್ತ ಶಿಕ್ಷಕ. ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿದ್ದೇನೆ. ಎಲ್ಲರ ಮಾತು ಓದಿದೆ. ನನ್ನ ಅಭಿಪ್ರಾಯ ಇಷ್ಟು. ಊರು ಚೆಂದ ಕಾಣಲು ಕೂರುವ ಜಾಗ ಬೇಕು. ಅರಳಿಕಟ್ಟೆ, ಅಂಗಡಿಯ ಮುಂದಿನ ಜಗಲಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚು. ದುಡ್ಡು ಕೊಡದೆ ಕೂರುವ ಜಾಗ ಊರಿನಲ್ಲಿ ಎಷ್ಟಿದೆ ಎಂದು ಎಣಿಸಿ ನೋಡಿ. ಬೆಂಗಳೂರಿನಲ್ಲಿ ಮಗನ ಮನೆಗೆ ಹೋದರೆ ನಾನು ನಡೆಯಬಲ್ಲೆ, ಸುಸ್ತಾದರೆ ಕೂರಲು ಜಾಗ ಸಿಗುವುದಿಲ್ಲ. ಪಾರ್ಕಿನ ಬಾಗಿಲಿಗೂ ಮೊದಲೆಲ್ಲ ಮಧ್ಯಾಹ್ನ ಬೀಗ ಇರುತ್ತಿತ್ತು. ಕೂರುವವರು ಇದ್ದರೆ ಆ ಜಾಗವನ್ನು ಜನ ತಾವಾಗಿಯೇ ನೋಡಿಕೊಳ್ಳುತ್ತಾರೆ. ನಮ್ಮ ಕಟ್ಟೆಯ ಸುತ್ತ ಕಸ ಬಿದ್ದರೆ ಕೂತವರೇ ಗದರಿಸುತ್ತಾರೆ.

ಒಂದು ಸಹಾಯ ಬೇಕಿತ್ತು. ನಮ್ಮೂರ ಮುಖ್ಯ ರಸ್ತೆ ಅಗಲ ಮಾಡುತ್ತಾರಂತೆ. ಎರಡೂ ಬದಿಯ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದ್ದಾರೆ. ನಂಬರ್ 80 ದಾಟಿದೆ. ಮಾವು, ಹುಣಸೆ, ಆಲ, ನೇರಳೆ. ಹಣ್ಣು ಬಿದ್ದಾಗ ಶಾಲೆ ಮಕ್ಕಳು ಆರಿಸುವ ಮರಗಳು. ಏನಾದರೂ ಮಾಡಲು ಸಾಧ್ಯವೇ?

ಹೊಂಗೆ_ನೆರಳು
@ಅರಳಿಕಟ್ಟೆ_ಮೇಷ್ಟ್ರು ಖಂಡಿತ ಸಾಧ್ಯ ಸರ್. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕೇ ಬೇಕು, ಅವರು ಸ್ಥಳಕ್ಕೆ ಬಂದು ನೋಡಬೇಕು. ಮರಗಳು 50ಕ್ಕಿಂತ ಜಾಸ್ತಿ ಇದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ನಿಮ್ಮಲ್ಲಿ 80ರ ಮೇಲಿದೆ. ಪ್ರಕಟಣೆ ಬಂದಿದೆಯಾ?

ಅರಳಿಕಟ್ಟೆ_ಮೇಷ್ಟ್ರು
ಯಾರೂ ನೋಡಿಲ್ಲ. ಪೇಪರಿನಲ್ಲಿ ಎಲ್ಲೋ ಮೂಲೆಯಲ್ಲಿ ಬಂದಿದ್ದರೂ ನಮಗೆ ತಿಳಿಯದು.

ಸೈಟ್_ಎಂಜಿನಿಯರ್
ಮೇಷ್ಟ್ರೇ, ರಸ್ತೆಯ ನಕ್ಷೆಯನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. ಬಹಳ ಸಲ ರಸ್ತೆಯ ಅಗಲವನ್ನು ಎರಡೂ ಕಡೆ ಸಮ ತೆಗೆದುಕೊಳ್ಳುತ್ತಾರೆ. ಒಂದೇ ಬದಿಗೆ ಸರಿಸಿದರೆ ಇನ್ನೊಂದು ಬದಿಯ ಸಾಲು ಪೂರ್ತಿ ಉಳಿಯುತ್ತದೆ. ಇಲ್ಲವೇ ಮರದ ಸಾಲನ್ನೇ ಫುಟ್‌ಪಾತಿನ ಅಂಚು ಮಾಡಬಹುದು. ನಕ್ಷೆ ಸಿಕ್ಕರೆ ನನಗೆ ಕಳಿಸಿ, ಬೇರೆ ರೇಖೆ ಹಾಕಿ ಕೊಡುತ್ತೇನೆ. ದುಡ್ಡು ಬೇಡ.

ವಿದ್ಯಾನಗರ_ಹುಬ್ಬಳ್ಳಿ
ರಸ್ತೆಯೇ ಆಗದ ಹಾಗೆ ನೋಡಿಕೊಳ್ಳಬೇಡಿ ಅಷ್ಟೇ. ಆಂಬುಲೆನ್ಸಿಗೂ ದಾರಿ ಬೇಕು, ಮೇಲೆ ನರ್ಸ್ ಅಕ್ಕ ಹೇಳಿದ್ದು ಅದೇ.

ಅರಳಿಕಟ್ಟೆ_ಮೇಷ್ಟ್ರು
ರಸ್ತೆ ನಮಗೂ ಬೇಕು. ಒಂದು ಸಾಲು ಮರವಾದರೂ ಉಳಿಯಲಿ ಎಂಬುದಷ್ಟೇ ಆಸೆ.

ಗುಡಿಗಾರ_ಬೀದಿ
@ಸಾಗರದವಳು ತಂಗಿ, ನಾನೂ ಸಾಗರದವನೇ. ಬೆಂಗಳೂರಿನ ಮನೆ ಮಾರಬೇಡಿ. ಜೂನ್‌ನಲ್ಲಿ ಬಂದು ಮಳೆಗಾಲ ಪೂರ್ತಿ ಬಾಡಿಗೆಗೆ ಇದ್ದು ನೋಡಿ. ಬಟ್ಟೆ ಒಣಗುವುದಿಲ್ಲ, ಕರೆಂಟು ಹೋಗುತ್ತದೆ, ನಿಮ್ಮ ಆಫೀಸ್ ಕೆಲಸಕ್ಕೆ ಯುಪಿಎಸ್ ಬೇಕಾಗುತ್ತದೆ. ಹಬ್ಬಕ್ಕೆ ಬಂದವರು ಇದನ್ನು ನೋಡಿರುವುದಿಲ್ಲ. ಅಷ್ಟಾದ ಮೇಲೂ ಇರಬೇಕು ಅನ್ನಿಸಿದರೆ ಬನ್ನಿ. ಕೆರೆ ಸುತ್ತಲಿನ ಜಾಗಕ್ಕೆ ದೀಪ ಹಾಕಿಸಲು ನಾವು ಕೆಲವರು ಓಡಾಡುತ್ತಿದ್ದೇವೆ, ಜನ ಬೇಕು.

ಸಾಗರದವಳು
@ಗುಡಿಗಾರ_ಬೀದಿ ಅಣ್ಣ, ಇದು ಸರಿಯಾದ ಸಲಹೆ. ಯಜಮಾನರೂ ಒಪ್ಪಿದರು. ಜೂನ್‌ನಿಂದ ಬಾಡಿಗೆ ಮನೆ ಸಿಕ್ಕರೆ ತಿಳಿಸಿ, ಕೆರೆಗೆ ಹತ್ತಿರ ಇದ್ದರೆ ಒಳ್ಳೇದು. ದೀಪದ ಅರ್ಜಿಗೆ ನನ್ನ ಸಹಿಯೂ ಇರಲಿ. ಮೇಷ್ಟ್ರೇ, ನಿಮ್ಮ ಆಕ್ಷೇಪಣೆ ಪತ್ರ ಟೈಪ್ ಮಾಡಿಕೊಡಬೇಕಾ?

ಅರಳಿಕಟ್ಟೆ_ಮೇಷ್ಟ್ರು
ಬೇಕಮ್ಮ. ಕೈಬರಹದಲ್ಲಿ ಬರೆದು ಫೋಟೋ ಕಳಿಸುತ್ತೇನೆ. ಮರಗಳ ಪಟ್ಟಿಯನ್ನು ನಂಬರ್ ಸಮೇತ ಮಾಡಲು ಹೈಸ್ಕೂಲ್ ಮಕ್ಕಳನ್ನು ಕರೆದಿದ್ದೇನೆ.

ಹೊಂಗೆ_ನೆರಳು
ಪಟ್ಟಿಯಲ್ಲಿ ಜಾತಿ, ಸುತ್ತಳತೆ, ಮರದಲ್ಲಿ ಗೂಡು ಇದೆಯಾ ಇಲ್ಲವಾ ಅದನ್ನೂ ಬರೆಸಿ ಸರ್. ಸುತ್ತಳತೆ ನೆಲದಿಂದ ಎದೆಮಟ್ಟಕ್ಕೆ ತೆಗೆಯಬೇಕು. ದರ್ಜಿಯ ಟೇಪು ಸಾಕು. ಪತ್ರದ ಒಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ.